ಸ್ಟೂಲು

ಸೆತೂಬಲ್ಲಿನ ಒಂದೊಂದು ಕಾರ್ಖಾನೆಗೂ ಒಂದೊಂದು ಸಿಳ್ಳು.
ನಮ್ಮದು ಎರಡು ಗಿಡ್ಡ, ಒಂದು ಉದ್ದ.
ದೋಣಿ ದಡಕ್ಕೆ ಬಿತ್ತೆಂದರೆ ನಡುರಾತ್ರಿಯೂ ಕೂಗುತ್ತಿತ್ತು.
ಮಗು ಅತ್ತರೆ ಏಳದ ಗಂಡಸರು ಅದಕ್ಕೆ ಏಳುತ್ತಿದ್ದರು,
ನಮ್ಮ ಪಕ್ಕೆ ತಿವಿಯಲಿಕ್ಕೆ:
ಹೋಗೇ, ಮೀನು ಬಂತು.

ಹನ್ನೊಂದು ತಾಸು ನಿಂತೇ ಇರಬೇಕು.
ತಲೆ ಚಿವುಟು, ಕರುಳು ಕೀಳು,
ಬೆಳ್ಳಿಹೊಟ್ಟೆ ಮೇಲೆ ಮಾಡಿ ಡಬ್ಬಿಯಲ್ಲಿ ಮಲಗಿಸು.
'ಮೀನಿಗಾದರೂ ಮಲಗೋ ಯೋಗ'
ಅಂದವಳು ನೀನು, ಫೆಲಿಸ್ಮೀನಾ.
ಅರ್ಧ ದಿನದ ಕೂಲಿ ಹೋದದ್ದು ನನ್ನದು, ನಕ್ಕಿದ್ದಕ್ಕೆ.

ಬಂದೂಕಿನ ಬಾಯಿಗೆ ಹೂ ಸಿಕ್ಕಿಸಿದ ಆ ಏಪ್ರಿಲ್ಲಿನಲ್ಲಿ
ಊರಿಗೆ ಊರೇ ಸ್ವಾತಂತ್ರ್ಯ ಸ್ವಾತಂತ್ರ್ಯ ಅನ್ನುತ್ತಿದ್ದಾಗ
ನೀನು ಸ್ಟೂಲು ಕೇಳಿದೆ.
ಸಂಘದ ಬಾಲ್ತಜಾರ್ ಮೀಸೆ ಒರೆಸಿಕೊಂಡು
'ಮೊದಲು ಕ್ರಾಂತಿ, ಹೆಂಗಸರ ಕುಂಡೆ ಆಮೇಲೆ' ಅಂದ.
'ಆಮೇಲೆ ಅಂದರೆ ಯಾವ ವಾರ, ಕಾಮ್ರೇಡ್?
ಬುಧವಾರಕ್ಕೆ ನನಗೆ ಬಿಡುವಿದೆ.'

ಹತ್ತೊಂಬತ್ತು ದಿನ ಮುಷ್ಕರ.
ಕಸ್ತೋದಿಯೊ ನಿನ್ನ ಚಪ್ಪಲಿಗಳನ್ನು ಕಿಟಕಿಯಿಂದಾಚೆ ಎಸೆದ,
ಬರಿಗಾಲಲ್ಲೇ ಸಭೆಗೆ ಬಂದೆ.
ಎರ್ಮೆಲಿಂದಾಳ ಅಡುಗೆಮನೆಯಲ್ಲಿ ಭಾನುವಾರದ ಪಾಠ:
ಬೈಗುಳ ಬಿಟ್ಟರೆ ಬೇರೆ ಹೆಸರಿಲ್ಲದ ನಮ್ಮ ಅಂಗಗಳಿಗೆ
ಒಂದೊಂದಾಗಿ ಹೆಸರಿಟ್ಟೆ. ಕುಕ್ಕರಿನ ಸದ್ದಿಗೆ ಅರ್ಧ ಕೇಳಿಸಲಿಲ್ಲ.
ಕೇಳಿಸಿದ ಅರ್ಧ ಈಗಲೂ ನೆನಪಿದೆ.

ಕೊನೆಗೆ ಸ್ಟೂಲು ಬಂತು, ನಾಲ್ವರಿಗೊಂದು.
ಅದೂ ಗಿಡ್ಡ! ಕೂತರೆ ಗದ್ದಕ್ಕೆ ಮೇಜು,
ಮೀನಿನ ಕಣ್ಣಿಗೆ ಕಣ್ಣು.
ಬಡಗಿಯ ಮನೆಗೆ ನೀನೇ ಹೋಗಿ ಕಾಲು ಉದ್ದ ಮಾಡಿಸಿದೆ.

ಆಮೇಲೆ ಪಕ್ಷ ನಿನ್ನನ್ನು ಕರೆಯಿತು.
ಬೂದು ಕೋಟು, ಭಾಷಣ ಬರೆದುಕೊಡುವ ಕನ್ನಡಕದ ಹುಡುಗ,
ಲಿಸ್ಬನ್ನಿನಲ್ಲಿ ಎರಡು ಕೋಣೆಯ ಮನೆ.
ಮೊದಮೊದಲು ಪ್ರತಿ ಶನಿವಾರ ಬರುತ್ತಿದ್ದೆ.
ನಿಂಬೆ ಉಜ್ಜಿದರೂ ಹೋಗದ ವಾಸನೆ
ನಿನ್ನ ಕೈಯಿಂದ ಯಾವ ಶನಿವಾರ ಹೋಯಿತೋ,
ನಾವ್ಯಾರೂ ಗುರುತು ಹಾಕಿಕೊಳ್ಳಲಿಲ್ಲ.
ನಿನ್ನ ಮಾತಲ್ಲಿ 'ನಾವು' ಇದ್ದ ಕಡೆ 'ದೇಶ' ಬಂತು.
ಮೂರು ಸಲ ನಿನಗೇ ಓಟು ಹಾಕಿದೆ.

ಆ ಮಸೂದೆಯ ದಿನ
ಕೆಫೆಯ ಟೀವಿಯ ಮುಂದೆ ನಾವು ಮೂವತ್ತು ಜನ.
ಮಾಲೀಕರು ಬೀಗ ಹಾಕಿ ಹೋದರೆ
ಕೇಳುವ ಹಕ್ಕು ನಮಗಿಲ್ಲ ಅನ್ನುವ ಮಸೂದೆ.
ಅಲ್ಲಿ ಕೈ ಎತ್ತುವುದಿಲ್ಲವಂತೆ, ಎದ್ದು ನಿಲ್ಲುತ್ತಾರಂತೆ.
'ಪರವಾಗಿ ಇರುವವರು' ಅಂದರು.
ಪಕ್ಷದ ಸಾಲು ಎದ್ದಿತು.
ನೀನು ಒಂದು ಗಳಿಗೆ ಕೂತೇ ಇದ್ದೆ.
ಎರ್ಮೆಲಿಂದಾ ನನ್ನ ಮಣಿಕಟ್ಟು ಹಿಡಿದಳು.
ಕೂತಿರು, ಕೂತಿರೇ, ಕೂರಲಿಕ್ಕೆ ತಾನೆ ನಾವು ಹತ್ತೊಂಬತ್ತು ದಿನ—
ಎದ್ದೆ.
ಕೋಟಿನ ಗುಂಡಿ ಹಾಕಿಕೊಳ್ಳುತ್ತಾ.

ಯಾರೋ ಚಾನೆಲ್ ಬದಲಿಸಿದರು, ಫುಟ್ಬಾಲ್.
ನಾಲ್ಕನೇ ಸಲ ನಾನು ಓಟಿಗೆ ಹೋಗಲಿಲ್ಲ.
ಮಳೆ ಅಂತ ಹೇಳಿದೆ. ಮಳೆ ಇರಲಿಲ್ಲ.

ಈಗ ನಮ್ಮ ಶೆಡ್ಡು ಮ್ಯೂಸಿಯಂ.
ಮೇಣದ ಹೆಂಗಸೊಬ್ಬಳು ಮೇಣದ ಮೀನು ಹಿಡಿದು ನಗುತ್ತಾಳೆ,
ಅಷ್ಟು ಬಿಳಿ ಹಲ್ಲು ನಮ್ಮಲ್ಲಿ ಯಾರಿಗೂ ಇರಲಿಲ್ಲ.
ನೀನು ಕೋಲೂರಿಕೊಂಡು ಬಂದೆ, ಮೊಣಕಾಲು ಬಾತಿದೆ.
'ನಾನು ಒಳಗಿದ್ದೇ ಏನಾದರೂ ಉಳಿಸಬಹುದು ಅಂದುಕೊಂಡೆ' ಅಂದೆ.
'ಉಳೀತಾ?' ಅಂದೆ ನಾನು.
'ಹೆರಿಗೆ ರಜೆ. ಹದಿನಾಲ್ಕು ದಿನ ಜಾಸ್ತಿ.'
ಅದು ನಿಜ. ನನ್ನ ಮಗಳಿಗೆ ಸಿಕ್ಕಿತ್ತು.
ನಿನಗೆ ಹೇಳಿರಲಿಲ್ಲ.

ಕೆಂಪು ಹಗ್ಗದ ಆಚೆ ಸ್ಟೂಲು, ಆ ಬಡಗಿಯ ಉದ್ದ ಕಾಲಿನದು,
'ದಯವಿಟ್ಟು ಕೂರಬೇಡಿ' ಅನ್ನುವ ಚೀಟಿ ಹೊತ್ತು.
ನಾನು ಹಗ್ಗ ಎತ್ತಿದೆ.
ಕಾವಲಿನ ಹುಡುಗ ಫೋನಿನಲ್ಲಿದ್ದ.
ನೀನು ಸ್ಟೂಲು ನೋಡಿದೆ, ನನ್ನನ್ನು ನೋಡಿದೆ,
'ನೀನೇ ಕೂರು' ಅಂದೆ.
ಹಗ್ಗ ಹಿಡಿದಿದ್ದ ಕೈ ಸೋಲತೊಡಗಿತ್ತು.
ನಾಲ್ಕೂವರೆಯ ಬಸ್ಸಿಗೆ ಇನ್ನೂ ಸಮಯವಿತ್ತು.