ಹದಿನೇಳನೇ ಜಾಗ

ಮೂವತ್ತೊಂದು ವರ್ಷ ಇಲ್ಲಿ ಚೀಟಿ ಹರಿದೆ,
ಕಾರಿಗೆ ಇಪ್ಪತ್ತೈದು ಸೆಂಟು.
ಟಾರಿನ ಮೇಲೆ ಬಿಳಿ ಗೆರೆ ಎಳೆದದ್ದೂ ನಾನೇ,
ಪ್ರತಿ ಏಪ್ರಿಲಿನಲ್ಲಿ, ಮಂಡಿಯೂರಿ.

ಮಂಡಿಯೂರಿದ್ದು ಎಲ್ಲಿ ಎಂದು
ಈಗ ತಿಳಿಯಿತು.

ಅಜ್ಜಿ ಟೆಂಪರೆನ್ಸ್ ಅನ್ನುತ್ತಿದ್ದಳು, ಅವಳಮ್ಮ ಹೇಳಿದ್ದಂತೆ:
ನಮ್ಮವರ ಚರ್ಚು ಅಲ್ಲೇ ಎಲ್ಲೋ,
ಒಡೆಯನ ಕೆಲಸ ಮುಗಿಸಿ ರಾತ್ರಿ ಹೊತ್ತು ಕಟ್ಟಿದ್ದು,
ಬಿರುಗಾಳಿಗೆ ಬಿದ್ದದ್ದು.
ಪಡುವಣ ಬಾಗಿಲಲ್ಲಿ ನಿಂತರೆ ಹೊಳೆ ಕಾಣುತ್ತಿತ್ತಂತೆ.
ನಗರಸಭೆಯ ನಕ್ಷೆಯಲ್ಲಿ ಅಲ್ಲಿ ಏನೂ ಇಲ್ಲ.

ವಿಶ್ವವಿದ್ಯಾಲಯದ ಹುಡುಗಿ ಮಾರಿಟ್ ಹೋಲ್ಮ್‌ಕ್ವಿಸ್ಟ್
(ಹೆಸರಿಗೆ ನಾಲಗೆ ಹೊರಳಲು ವಾರ ಹಿಡಿಯಿತು)
ಮೊದಲ ದಿನ ಗುದ್ದಲಿ ತರಲಿಲ್ಲ,
ಹನ್ನೆರಡು ಮಡಚುವ ಕುರ್ಚಿ ತಂದಳು.
"ಏನು ಹುಡುಕಲಿ, ಹೇಳಿ" ಅಂದಳು.

ಹಾಗೆ ಕೇಳಿದವರಿರಲಿಲ್ಲ.
ಬಾಯಿಗೆ ಮಾತೇ ಬರಲಿಲ್ಲ ನಮಗೆ.
ಲವಿನಿಯಾ ಕ್ರಂಪ್ ಕೆಮ್ಮಿದಳು ಕೊನೆಗೆ: "ಬಾಗಿಲು."

ವರ್ಜೀನಿಯಾದ ಬಿಸಿಲಲ್ಲಿ ಮೊಮ್ಮಗಳು ಜೆರೂಷಾ ಜರಡಿ ಹಿಡಿದಳು.
ಅಂಗಿಯ ಗುಂಡಿ, ಬಾಗಿದ ಮೊಳೆ,
ಗೊಂಬೆಯೊಂದರ ಪಿಂಗಾಣಿ ಪಾದ.
ಚಿಪ್ಪುಸುಣ್ಣದ ಗಾರೆಯಲ್ಲಿ ಹಸಿಯಿದ್ದಾಗ ಒತ್ತಿದ
ಯಾರದೋ ಹೆಬ್ಬೆರಳು.
ನನ್ನದು ಅದರೊಳಗೆ ಕೂರಲಿಲ್ಲ.
ಅವಳದು ಕೂತಿತು. ಅವಳಿಗೆ ಒಂಬತ್ತು ವರ್ಷ.

ಜುಲೈನಲ್ಲೊಂದು ದಿನ ಮಣ್ಣು ಬಣ್ಣ ಬದಲಿಸಿತು,
ಆಳುದ್ದಕ್ಕೆ.
ಪಕ್ಕದಲ್ಲಿ ಇನ್ನೊಂದು. ಮೊಳದುದ್ದದ್ದೂ ಒಂದು.
ನಲವತ್ತೊಂದರವರೆಗೆ ಎಣಿಸಿ
ಮಾರಿಟ್ ಕರಣೆ ಕೆಳಗಿಟ್ಟಳು:
"ತೆರೆಯುವುದು, ಬಿಡುವುದು ನಿಮಗೆ ಸೇರಿದ್ದು."

ಆ ರಾತ್ರಿ ಚರ್ಚಿನ ನೆಲಮಾಳಿಗೆಯಲ್ಲಿ ಜಗಳ.
ಎಬ್ಬಿಸಬೇಡಿ, ಬದುಕಿದ್ದಾಗ ನಿದ್ದೆ ಕಂಡವರಲ್ಲ, ಅಂದರು ಅರ್ಧ ಜನ.
"ಒಡೆಯನ ಲೆಕ್ಕದಲ್ಲಿ ಬೆಲೆ ಇದೆ, ಹೆಸರಿಲ್ಲ.
ನನಗೆ ಹೆಸರು ಬೇಕು!"
ಲವಿನಿಯಾ ಮೇಜು ಗುದ್ದಿದಳು,
ಗೆಣಸಿನ ಪೈ ತಟ್ಟೆಸಮೇತ ಹಾರಿತು.
ಕಡೆಗೆ ಕೈ ಎತ್ತಿ ಎಣಿಸಿದೆವು:
ಮೂರು ತೆರೆಯಲಿ, ಮೂರೇ.
ನಾನು ಎತ್ತಿದ್ದೆನೋ ಇಲ್ಲವೋ, ನೆನಪಾಗುವುದಿಲ್ಲ.

ಬಾಗಿಲು ಸಿಕ್ಕಿತು.
ಪಡುವಣಕ್ಕೇ.
ಹೊಸ್ತಿಲ ಕಲ್ಲು ನಡುವೆ ಸವೆದು ಬಟ್ಟಲಾಗಿದೆ,
ರಾತ್ರಿ ಬಿದ್ದ ಮಳೆ ಅದರಲ್ಲಿ ನಿಂತಿತ್ತು.
ಅಲ್ಲಿ ನಿಂತರೆ ಈಗ ಹೊಳೆ ಕಾಣುವುದಿಲ್ಲ,
ಬ್ಯಾಂಕು ಕಾಣುತ್ತದೆ.

ಅರ್ಧ ಟಾರು ಇನ್ನೂ ಹಾಗೇ ಇದೆ,
ನನ್ನ ಗೆರೆಗಳೂ.
ಹದಿನೇಳನೇ ನಂಬರಿನ ಮೇಲೆ ನಿಂತು
ಇವತ್ತು ಟೋಪಿ ತೆಗೆದೆ.
ಮತ್ತೆ ಹಾಕಿಕೊಳ್ಳುವುದು ಯಾವಾಗ ಎಂದು
ತಿಳಿಯುತ್ತಿಲ್ಲ.