ಸಾಧಾರಣ ಕಾಲ

ಜಪ್ಪಿನಲ್ಲಿ, ಮುಚ್ಚಿದ ಹಂಚಿನ ಕಾರ್ಖಾನೆಯ ಬೆನ್ನಿಗೆ
ನನ್ನ ಹೊಲಿಗೆ ಮೆಶಿನು.
ಇಗರ್ಜಿಯ ಬಟ್ಟೆಯೆಲ್ಲ ನನ್ನ ಕೈಯಿಂದ ಹಾದುಹೋಗುತ್ತದೆ.
ಹಾಗಾಗಿ ವರ್ಷ ನನಗೆ ಕ್ಯಾಲೆಂಡರಿನಲ್ಲಿ ಬರುವುದಿಲ್ಲ,
ಚೀಲದಲ್ಲಿ ಬರುತ್ತದೆ.

ನೇರಳೆ ಬಂದರೆ ಬೂದಿ, ಉಪವಾಸ, ಶುಕ್ರವಾರದ ಗಂಜಿ.
ಬಿಳಿ ಬಂದರೆ ಜರಿ ಕರಗದ ಹಾಗೆ ಇಸ್ತ್ರಿ.
ಕೆಂಪು ವರ್ಷಕ್ಕೆ ಕೆಲವೇ ಸಲ,
ರಕ್ತಸಾಕ್ಷಿಗಳಿಗೆ, ಪವಿತ್ರಾತ್ಮನಿಗೆ;
ಅದರ ಲೈನಿಂಗು ಇನ್ನೂ ಅಂಗಡಿಯ ಗರಿ ಬಿಟ್ಟಿಲ್ಲ.
ಹರಿಯುವುದು ಹಸಿರು.
ಹಬ್ಬವಿಲ್ಲದ ವಾರಗಳ ಹಸಿರು,
ಪ್ರತಿ ಸಲವೂ ಬಲಗೈಯ ಕಂಕುಳಲ್ಲೇ,
ಫಾದರ್ ಕೈ ಎತ್ತುವ ಜಾಗದಲ್ಲಿ.
ಅಲ್ಲೀಗ ಬಟ್ಟೆಗಿಂತ ನೂಲೇ ಹೆಚ್ಚು.

ಪವಿತ್ರ ಗುರುವಾರಕ್ಕೆ ಹನ್ನೆರಡು ಟವೆಲು.
ಅಂಚು ಮಡಚಿ ಹೊಲಿದವಳು ನಾನು,
ಹನ್ನೆರಡು ಹೆಸರು ಬರೆದವರು ಗುರ್ಕಾರರು.
ಪಟ್ಟಿಯಲ್ಲಿದ್ದವರು ಮನೆಯಲ್ಲೇ ಕಾಲು ತೊಳೆದು ಬರುತ್ತಾರೆ,
ಸೋಪು ಹಾಕಿ, ಉಗುರು ತೆಗೆದು.
ಎವ್ಜಿನ್ ರೆಬೆಲ್ಲೊ ಸಾಯ್ಬರ ಪಾದಕ್ಕೆ ಪೌಡರಿನ ಘಮ.
ಪೂಜೆ ಮುಗಿದು ಒಗೆಯಲೆಂದು ಎಣಿಸಿಕೊಂಡೆ:
ಹನ್ನೆರಡೂ ಒದ್ದೆ, ಒಂದರಲ್ಲೂ ಕಲೆಯಿಲ್ಲ.

ಆ ರಾತ್ರಿ ಸಂಕ್ರಿಸ್ತಿಯ ಹಿಂದಿನ ನಳ್ಳಿಯಲ್ಲಿ
ಒಬ್ಬ ತನ್ನ ಕಾಲು ತಾನೇ ತೊಳೆಯುತ್ತಿದ್ದ.
ಅನ್ಸೆಲ್ಮ್ ಟೊಪ್ನೊ, ಜಾರ್ಖಂಡಿನವ,
ದಕ್ಕೆಯ ಐಸ್ ಪ್ಲಾಂಟಿನಲ್ಲಿ ಕೆಲಸ.
ಯಾವತ್ತೂ ಕೊನೆಯ ಕಂಬದ ಹಿಂದೆ ನಿಲ್ಲುವವ,
ಮೀನಿನ ವಾಸನೆ ಜನರಿಗೆ ಆಗದೆಂದು.
ಉಪ್ಪು ತಿಂದ ಹಿಮ್ಮಡಿ, ಬೆರಳ ಸಂದಿಯಲ್ಲಿ ಬೆಳ್ಳಗೆ ಸುಲಿದ ಚರ್ಮ.
ಟವೆಲು ಚಾಚಿದೆ.
ಬೇಡ ದೀದಿ, ಹಾಳಾಗುತ್ತದೆ, ಅಂದ.
ಹಾಳಾಗಲಿಕ್ಕೇ ಇರುವುದು ಅನ್ನಬೇಕಿತ್ತು,
ನನಗೆ ಹಿಂದಿ ಅಷ್ಟು ಬಾರದು.
ಬಗ್ಗಿ ಒರೆಸಿದೆ ಎಂದು ಬರೆಯಬಹುದಿತ್ತು.
ಬಗ್ಗಲಿಲ್ಲ. ಕೈಯಲ್ಲಿ ತುರುಕಿ ಒಳಗೆ ಹೋಗಿಬಿಟ್ಟೆ.

ನಾಲ್ಕು ಸಲ ಒಗೆದ ಮೇಲೆ ಕಲೆ ಹೋಯಿತು,
ವಾಸನೆ ಹೋಗಲಿಲ್ಲ.
ಇಸ್ತ್ರಿಯ ಬಿಸಿ ತಾಗಿದ್ದೇ ಏಳುತ್ತದೆ,
ಬಂಗುಡೆ, ಡೀಸೆಲು, ಒದ್ದೆ ಗೋಣಿ.
ಉಳಿದ ಹನ್ನೊಂದರ ನಡುವೆ ಮಡಚಿಟ್ಟೆ.

ಮೇ ಒಂದಕ್ಕೆ ಕಾರ್ಮಿಕರ ಸಂತ ಜೋಸೆಫರಿಗೆ ಬಿಳಿ.
ಪೆಂತೆಕೋಸ್ತಿಗೆ ಒಂದು ದಿನದ ಕೆಂಪು.
ಜೂನಿನಲ್ಲಿ ಬೋಟುಗಳು ದಡಕ್ಕೆ, ಕಡಲಿಗೆ ರಜೆ,
ಐಸಿಗೆ ರಜೆ, ಕೂಲಿಗೂ ರಜೆ.
ಮೇ ತಿಂಗಳದ್ದು ಆಗಸ್ಟಿನಲ್ಲಿ ಅಂದರು ಎವ್ಜಿನ್ ಸಾಯ್ಬರು,
ಆಗಸ್ಟಿನಲ್ಲಿ, ನೋಡುವ ಅಂದರು.
ಮೊಂತಿ ಫೆಸ್ತಿಗೆ ಅವರ ಮನೆಯಲ್ಲಿ ಹೊಸ ಅಕ್ಕಿ, ಏಳು ಬಗೆ ಪಲ್ಯ.

ಸೆಪ್ಟೆಂಬರಿನ ಕೊನೆ. ಹಸಿರೇ.
ಮೂರು ವರ್ಷಕ್ಕೊಮ್ಮೆ ತಿರುಗಿ ಬರುವ ವಾಚನ,
ಯಾಕೋಬನ ಪತ್ರ.
ಓದುವ ಸರದಿ ಎವ್ಜಿನ್ ಸಾಯ್ಬರದ್ದು.
ಯಾರೂ ಹೂಡಿದ್ದಲ್ಲ,
ಪಟ್ಟಿ ಆಗಮನ ಕಾಲದಲ್ಲೇ ಗೋಡೆಗೆ ಅಂಟಿಸಿದ್ದು.
ಚೆನ್ನಾಗಿಯೇ ಓದಿದರು, ಅವರದ್ದು ಗಟ್ಟಿ ಸ್ವರ:
ಗದ್ದೆ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ
ತಾನೇ ಬಾಯಿಬಿಟ್ಟು ಕೂಗುತ್ತದಂತೆ,
ಆ ಕೂಗು ದೇವರ ಕಿವಿ ಮುಟ್ಟಿದೆಯಂತೆ.
ಮೈಕು ಒಮ್ಮೆ ಕಿರ್ ಅಂದಿತು.
ನಾವೆಲ್ಲ ಸೇರಿ ದೇವರಿಗೆ ಕೃತಜ್ಞತೆ ಸಲ್ಲಿಸಿದೆವು.
ಕೊಂಕಣಿ ತಿಳಿಯದ ಅನ್ಸೆಲ್ಮ್
ಕಂಬದ ಹಿಂದೆ ಆಮೆನ್ ಬರುವುದನ್ನೇ ಕಾಯುತ್ತಿದ್ದ.

ವಿಶ್ವಾಸವೆಂದರೇನು?
ಚಿಕ್ಕಂದಿನಲ್ಲಿ ಬಾಯಿಪಾಠವಿತ್ತು, ಈಗ ಅರ್ಧ ಮರೆತಿದೆ.
ಫಾದರ್ ರೊಟ್ಟಿ ಎತ್ತಿದಾಗ ಎಲ್ಲರೂ ತಲೆ ಬಾಗಿದರು.
ನಾನು ಕಂಕುಳ ಹೊಲಿಗೆಯನ್ನೇ ನೋಡುತ್ತಿದ್ದೆ.

ಸೋಮವಾರ ಚೀಲ ಬಂತು. ಅದೇ ಜಾಗ, ಅದೇ ಹರಿತ.
ಹೊಲಿದು ಇಸ್ತ್ರಿ ಇಟ್ಟರೆ ಹಸಿರಿನಿಂದಲೂ ಅದೇ ವಾಸನೆ;
ಕಪಾಟು ಒಂದೇ ಅಲ್ಲವೇ.
ಕೊಟ್ಟು ಬರಲು ಹೋದಾಗ ಫಾದರ್ ಮೂಗಿನ ಹತ್ತಿರ ಹಿಡಿದು ಕೇಳಿದರು,
ಏನು ಸೆರಾಫಿನ್ ಬಾಯಿ, ಮೀನು?
ಗುರುವಾರದ್ದು ಫಾದರ್, ಅಂದೆ.
ಅವನಿಗೆ ಇನ್ನೂ ಕೂಲಿ ಸಿಕ್ಕಿಲ್ಲ.