ಮೂರನೇ ಭಾಗ

ಚಿಂತಾಮಣಿ ಟಾಕೀಸಿನ ಮುಂದೆ ಲಗೇಜ್ ಆಟೊ ನಿಲ್ಲಿಸಿ
ಹಿಂದೆ ತಿರುಗಿ ಎಣಿಸಿದೆ: ನಾಲ್ಕು ತಲೆ.

ಮೊದಲನೇ ಭಾಗಕ್ಕೆ ಹನ್ನೊಂದು.
ಖಾಲಿ ಟೊಮೆಟೊ ಕ್ರೇಟುಗಳ ಮೇಲೆ, ಒಬ್ಬರ ಮಡಿಲಲ್ಲೊಬ್ಬರು,
ಮುನಿರತ್ನಕ್ಕನ ಸೆರಗೊಳಗೆ ಬೇಯಿಸಿದ ಕಡ್ಲೆಕಾಯಿ.
ಪೊಲೀಸಿನವನು ಕೈ ಅಡ್ಡ ಹಾಕಿದಾಗ
"ಎಲ್ಲಾ ಒಂದೇ ಮನೆ ಸಾರ್" ಅಂದಿದ್ದೆ.
ಅವನೂ ಎಣಿಸಿ, ನಕ್ಕು,
ಒಂದು ಹಿಡಿ ಕಡ್ಲೆಕಾಯಿ ಈಸಿಕೊಂಡು ಬಿಟ್ಟ.

ಎರಡನೇ ಭಾಗಕ್ಕೆ ಎಂಟು.
ಸೈಟಿನ ವಿಷಯಕ್ಕೆ ದೊಡ್ಡಣ್ಣ ಆಗಲೇ ಮಾತು ಬಿಟ್ಟಿದ್ದ.

ಕತೆ ಇಷ್ಟೇ: ಒಬ್ಬ ಅಜ್ಜ, ಮೂರು ಮೊಮ್ಮಕ್ಕಳು, ಒಂದು ಕುಂಟ ನಾಯಿ,
ಬೆಟ್ಟದ ಹೊಟ್ಟೆಯಲ್ಲಿ ಏಳು ಬೀಗ.
ಮೊದಲನೇ ಬೀಗ ತೆಗೆಯೋಕೆ ಎರಡೂಕಾಲು ಗಂಟೆ ಹಿಡಿದಿತ್ತು.
ಸೇತುವೆ ನಿಜವಾದ ಹಗ್ಗದ್ದು,
ಒಂದೊಂದೇ ಎಳೆ ಬಿಚ್ಚೋದು ಕಾಣೋದು.
"ಕೆಳಗೆ ನೋಡಬೇಡಿ" ಅಂತ ಅಜ್ಜ ಅಂದಾಗ
ಟಾಕೀಸಿಗೆ ಟಾಕೀಸೇ ಕೆಳಗೆ ನೋಡಿತ್ತು.
ನಾಯಿಗೆ ನಟನೆ ಬರ್ತಿರಲಿಲ್ಲ.
ಆಚೆ ಯಾರೋ ಬಿಸ್ಕತ್ತು ತೋರಿಸ್ತಿದ್ದುದು
ಅದರ ಕಣ್ಣಲ್ಲೇ ಗೊತ್ತಾಗೋದು.
ಅದಕ್ಕೇ ಅದು ನಮ್ಮ ಬೀದಿ ನಾಯಿ ಅನಿಸಿತ್ತು.

ಆಮೇಲೆ ಒಂದು ತಿಂಗಳು
ಅಂಬಾಜಿದುರ್ಗದ ಬಂಡೆಗಳಿಗೆ ಬಿಡುವಿಲ್ಲ.
ಸಿಕ್ಕ ಸಿಕ್ಕ ಬಿರುಕಿಗೆಲ್ಲ ಮಕ್ಕಳು ಕೀಲಿ ತುರುಕಿದರು.
ಆಟೊ ಕೀಲಿ, ಬೀರು ಕೀಲಿ,
ದೊಡ್ಡಣ್ಣನ ಹೆಂಡತಿಯ ಟ್ರಂಕಿನ ಕೀಲಿ.
ಟ್ರಂಕಿನದು ಜಾರಿ ಒಳಗೇ ಹೋಯಿತು.
ಟ್ರಂಕನ್ನು ಸುತ್ತಿಗೆಯಲ್ಲಿ ಒಡೆದೆವು. ಅತ್ತಿಗೆ ನಗುತ್ತಲೇ ಬೈದಳು.

ಈ ಸಲ
ಮಿಕ್ಕಿದ್ದ ನಾಲ್ಕು ಬೀಗ ಅರ್ಧ ಗಂಟೆಯಲ್ಲಿ ಮುಗಿದವು.
ಕೀಲಿಯೇ ಬೇಕಾಗಲಿಲ್ಲ. ನೀಲಿ ಬೆಳಕು ಬಂತು, ತೆರೆದುಕೊಂಡವು.
ಅಜ್ಜನ ಶಾಲು ಅದೇ, ಒಳಗಿನ ಅಜ್ಜ ಬೇರೆ.
"ಮಾಮ, ಅಜ್ಜ ಬಲಭುಜಕ್ಕೆ ಅಲ್ವಾ ಹಾಕೋದು?"
ಗಗನ್ ಕೇಳಿದ, ಒಡೆದ ಗಂಟಲಲ್ಲಿ,
ಅರ್ಧ ಅವನದು, ಅರ್ಧ ಅವರಪ್ಪಂದು.
ನಾಯಿ ಮಾತಾಡ್ತದೆ, ಕುಣೀತದೆ.
ಇಂಟರ್ವಲ್‌ವರೆಗೆ ಎಡಗಾಲು ಕುಂಟು, ಆಮೇಲೆ ಬಲಗಾಲು.
ಸಾವಿರ ಅಡಿ ಎತ್ತರಕ್ಕೆ ಸೇತುವೆ ಕಟ್ಟಿ
ಕೆಳಗೆ ಬೆಂಕಿ ಇಟ್ಟಿದ್ದರು.
ಮುಂದಿನ ಸೀಟಿನವನು ಫೋನ್ ನೋಡ್ತಿದ್ದ.

ಬೆಟ್ಟಾನೂ ಕಂಪ್ಯೂಟರಿನದೇ.
ಬಂಡೆ ಮೇಲೆ ಜಾರಿ ಚಡ್ಡಿ ಹರಕೊಂಡವರಿಗೆ
ಅದನ್ನು ಹೇಗಪ್ಪಾ ತೋರಿಸ್ತೀರ?
ಮೇಲೊಂದು ಓತಿಕ್ಯಾತ ಇಲ್ಲ,
ಬಿಸಿಲಿಗೆ ಸಿಪ್ಪೆ ಎದ್ದಿಲ್ಲ, ಯಾರ ಹೆಸರೂ ಕೆತ್ತಿಲ್ಲ.
ಕರೆದು, ಮಣೆ ಹಾಕಿ ಕೂರಿಸಿ,
ಉಪ್ಪು ಮರೆತ ಸಾರು ಬಡಿಸಿದ ಹಾಗಿತ್ತು.
ಮುನಿರತ್ನಕ್ಕ ನಿದ್ದೆ ಹೋಗಿದ್ದಳು.
"ಎದ್ದು ಹೋಗೋಣ್ವಾ?" ಅಂದಳು ಭವಿಷ್ಯ.

ಹೋಗೋ ಹಾಗಿರಲಿಲ್ಲ.
ನಾಲ್ಕನೇ ತಲೆ ಯಶಿಕ, ದೊಡ್ಡಣ್ಣನ ಮೊಮ್ಮಗಳು, ಐದು ವರ್ಷ.
"ಮಗು ಹಟ ಮಾಡ್ತಿದೆ" ಅಂತ
ಅತ್ತಿಗೆ ಗೇಟಿನಾಚೆ ತಂದು ಬಿಟ್ಟು, ತಿರುಗಿ ನೋಡದೆ ಒಳಗೆ ಹೋಗಿದ್ದಳು.
ಶುರುವಾದಾಗಿಂದ ಅವಳು ಕೂತೇ ಇಲ್ಲ.
ಸೀಟಿನ ಮೇಲೆ ನಿಂತು, ಮುಂದಿನ ಕಬ್ಬಿಣ ಹಿಡಿದು, ಬಾಯಿ ತೆರೆದು.
ಅವಳಿಗೆ ಮೊದಲಿನವು ಎರಡು ಇಲ್ಲವೇ ಇಲ್ಲ.
ನಾಯಿ ಹಳ್ಳಕ್ಕೆ ಬಿದ್ದಾಗ ನನ್ನ ಅಂಗಿ ಹಿಡಿದಳು.
"ಚಿಕ್ಕ ತಾತ, ಸತ್ತೋಯ್ತಾ?"
"ಇಲ್ಲ, ಏಳ್ತದೆ ನೋಡು."
ಎದ್ದಿತು. ಯಾವ ಕಾಲೂ ಕುಂಟದೆ.
ಅವಳು ಚಪ್ಪಾಳೆ ಹೊಡೆದಳು,
ಟಾಕೀಸಲ್ಲಿ ಅದೊಂದೇ ಸದ್ದು.

ವಾಪಸ್ ಬರುವಾಗ ಕತ್ತಲು.
"ಆ ಬೆಟ್ಟ ಎಲ್ಲಿದೆ?"
ಗಗನ್ ಕಿಸಕ್ಕನೆ ನಗ್ತಾನೆ ಅಂತ ಕಾದೆ.
ಅವನು ಕೈ ಚಾಚಿ ಅಂಬಾಜಿದುರ್ಗ ತೋರಿಸಿದ.
"ಅದೇ. ಒಳಗೆ ಒಂದು ಕೀಲಿ ಐತೆ, ನಿಮ್ಮಜ್ಜೀದು."

ದೊಡ್ಡಣ್ಣನ ಮನೆ ಮುಂದೆ ಇಂಜಿನ್ ಆರಿಸಲಿಲ್ಲ.
ನಿದ್ದೆಗಣ್ಣಿನ ಮಗೂನ ಅಕ್ಕ ಇಳಿಸಿದಳು.
ಚಿಲಕದ ಸದ್ದು. ಬಂದವನು ಅವನೇ,
ತಲೆ ಪೂರಾ ನರೆತಿದೆ.
"ಹೆಂಗಿತ್ತು?" ಅಂದ.
ಮಗೂನ ಕೇಳಿದ್ದೋ ನನ್ನನ್ನೋ,
ಏಳು ವರ್ಷಕ್ಕೆ ಒಂದು ಮಾತು.

"ಮೊದಲಿನಷ್ಟಿಲ್ಲಣ್ಣ" ಅಂದೆ,
ಮಗೂಗೆ ಕೇಳಿಸದ ಹಾಗೆ.